ಕೊಡಲು ಹೋಗಿ ಪಡೆದದ್ದು

ಕಾಲೇಜಿನ ದಿನಗಳೆಂದರೆ ತರುಣರ ಬಾಳಿನಲ್ಲಿ ಹೊಸ ನೀರು ಹರಿಯುವ ಕಾಲ. ಅದುವರೆಗೆ ಮನೆಯವರ ಕಣ್ಣಳತೆಯಲ್ಲಿ ಬೆಳೆದವರು ಮೊದಲ ಬಾರಿಗೆ ತಮ್ಮ ವೇಳೆಗೆ ತಾವೇ ಒಡೆಯರಾಗುತ್ತಾರೆ. ಬೆಳಗಿನ ತರಗತಿಗೂ ಮಧ್ಯಾಹ್ನದ ತರಗತಿಗೂ ನಡುವೆ ಬಿಡುವಿರುತ್ತದೆ. ಸಂಜೆಯೂ ಬಹುಮಟ್ಟಿಗೆ ತಮ್ಮದೇ ಆಗಿರುತ್ತದೆ. ಈ ಬಿಡುವನ್ನು ಹೇಗೆ ಕಳೆಯಬೇಕೆಂಬುದು ಯಾವ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿಯೂ ಬರುವುದಿಲ್ಲ. ಕೆಲವರು ಅದನ್ನು ಆಟದ ಬಯಲಿನಲ್ಲಿ ಕಳೆಯುತ್ತಾರೆ, ಕೆಲವರು ಹರಟೆಯಲ್ಲಿ ಕಳೆಯುತ್ತಾರೆ, ಇನ್ನು ಕೆಲವರಿಗೆ ಅದು ಹೇಗೆ ಕಳೆಯಿತೆಂಬುದೇ ತಿಳಿಯುವುದಿಲ್ಲ. ಆದರೆ ಆ ಬಿಡುವಿನ ಒಂದಂಶವನ್ನು ಯಾರ ಒತ್ತಾಯವೂ ಇಲ್ಲದೆ, ಕೂಲಿಯನ್ನೂ ಬಯಸದೆ, ಇತರರ ಕೆಲಸಕ್ಕೆ ಕೊಡುವ ವಿದ್ಯಾರ್ಥಿಗಳೂ ಇದ್ದಾರೆ. ಇವರೇ ಸ್ವಯಂಸೇವಕರು. ಇವರು ಕೊಡುವುದೇನು, ಪಡೆಯುವುದೇನು ಎಂಬ ಲೆಕ್ಕವು ಮೇಲುನೋಟಕ್ಕೆ ತೋರುವಷ್ಟು ಸರಳವಾದುದಲ್ಲ.

ವಿದ್ಯಾರ್ಥಿಗಳು ಸೇವಾಕಾರ್ಯದಲ್ಲಿ ತೊಡಗಬೇಕೆಂಬ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿಯೇ, 1923ರಲ್ಲಿ, ಡಾ. ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿ ಹುಬ್ಬಳ್ಳಿಯನ್ನು ಅದರ ನೆಲೆಯನ್ನಾಗಿ ಮಾಡಿದರು. ಸಾವಿರಾರು ತರುಣರು ಅಲ್ಲಿ ಶಿಸ್ತಿನ ಸೇವೆಯ ಮೊದಲ ಪಾಠವನ್ನು ಕಲಿತರು. ದೇಶವು ಸ್ವತಂತ್ರವಾದ ಮೇಲೆ ಡಾ. ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು, ವಿದ್ಯಾರ್ಥಿಗಳು ಸ್ವಂತ ಇಚ್ಛೆಯಿಂದ ರಾಷ್ಟ್ರಸೇವೆ ಮಾಡುವ ಏರ್ಪಾಡು ಬೇಕೆಂದು ಸೂಚಿಸಿತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ ಇದೇ ಮಾತನ್ನು ಎತ್ತಿಹಿಡಿಯಿತು. ಕೊನೆಗೆ ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯು ಪ್ರಾರಂಭವಾಯಿತು. ಅದನ್ನು ಪ್ರಾರಂಭಿಸಿದವರು ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದ ಡಾ. ವಿ. ಕೆ. ಆರ್. ವಿ. ರಾವ್. ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಹೋಗಿದ್ದ ಈ ಅರ್ಥಶಾಸ್ತ್ರಜ್ಞರು ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಮೊದಲ ವರ್ಷ 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳು ಈ ಯೋಜನೆಗೆ ಸೇರಿದರು. ಇಂದು ಲಕ್ಷಾಂತರ ಮಂದಿ ಇದರಲ್ಲಿದ್ದಾರೆ.

ಈ ಯೋಜನೆಯ ಧ್ಯೇಯವಾಕ್ಯ 'ನನಗಲ್ಲ, ನಿನಗೆ' ಎಂಬುದು. ಒಡಿಶಾದ ಕೋನಾರ್ಕದ ಸೂರ್ಯದೇವಾಲಯದ ರಥಚಕ್ರವೇ ಇದರ ಲಾಂಛನ. ಆ ಚಕ್ರದ ಎಂಟು ಅರಗಳು ದಿನದ 24 ಗಂಟೆಗಳನ್ನು ಸೂಚಿಸುತ್ತವೆ. ಯಾವ ಹೊತ್ತಿನಲ್ಲಿ ಕರೆ ಬಂದರೂ ಸೇವೆಗೆ ಸಿದ್ಧನಾಗಿರಬೇಕು ಎಂಬುದು ಅದರ ಅರ್ಥ. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಕಾಲ ಕೆಲಸ ಮಾಡಬೇಕು. ಏಳು ದಿನಗಳ ಒಂದು ವಿಶೇಷ ಶಿಬಿರದಲ್ಲಿಯೂ ಭಾಗವಹಿಸಬೇಕು. ಶಿಬಿರವು ಸಾಮಾನ್ಯವಾಗಿ ಕಾಲೇಜು ಆರಿಸಿಕೊಂಡ ಒಂದು ಹಳ್ಳಿಯಲ್ಲಿ ನಡೆಯುತ್ತದೆ. ನಿಯಮಗಳು ಇಷ್ಟೇ. ಆದರೆ ಈ ನಿಯಮಗಳೊಳಗೆ ಒಬ್ಬ ತರುಣನ ಬಾಳಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿಯಲು ಶಿಬಿರದ ಒಳಹೊಕ್ಕು ನೋಡಬೇಕು.

ಹಳೆಯ ಮೈಸೂರಿನ ಕಡೆಯ ಒಂದು ಹಳ್ಳಿ. ಶಿವರಾತ್ರಿಗೆ ಇನ್ನೂ ಕೆಲವು ದಿನಗಳಿದ್ದವು. ಸಮೀಪದ ಪಟ್ಟಣದ ಕಾಲೇಜಿನಿಂದ ಐವತ್ತು ಮಂದಿ ವಿದ್ಯಾರ್ಥಿಗಳು ಹಾಸಿಗೆ, ತಟ್ಟೆ, ಲೋಟಗಳೊಂದಿಗೆ ಬಂದು ಊರ ಶಾಲೆಯಲ್ಲಿ ಇಳಿದುಕೊಂಡರು. ಅವರಲ್ಲಿ ಗಣಿತವನ್ನು ವಿಶೇಷ ವಿಷಯವಾಗಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನಿದ್ದನು. ತರಗತಿಯಲ್ಲಿ ಮೊದಲಿಗ, ಮಾತಿನಲ್ಲಿಯೂ ಹಿಂದೆ ಬೀಳುವವನಲ್ಲ. ಈ ಹಳ್ಳಿಯ ಜನರಿಗೆ ತಾನು ಏನೇನನ್ನು ಕಲಿಸಬಹುದು ಎಂಬುದನ್ನು ಅವನು ಬಸ್ಸಿನಲ್ಲಿ ಬರುವಾಗಲೇ ಮನಸ್ಸಿನಲ್ಲಿ ಪಟ್ಟಿ ಮಾಡಿಕೊಂಡಿದ್ದನು.

ಮೊದಲ ದಿನದ ಕೆಲಸ, ಊರ ಮುಂದಿನ ಕಟ್ಟೆಯ ಹೂಳೆತ್ತುವುದು. ವಿದ್ಯಾರ್ಥಿಗಳು ಉತ್ಸಾಹದಿಂದ ಗುದ್ದಲಿ ಹಿಡಿದರು. ಒಂದು ಗಂಟೆಯಾಗುವುದರೊಳಗೆ ಅಂಗೈಗಳಲ್ಲಿ ಬೊಬ್ಬೆಗಳೆದ್ದವು. ಆದರೂ ಬಿಡದೆ ಮಂಕರಿಗಳಲ್ಲಿ ಮಣ್ಣು ತುಂಬಿ ಏರಿಯ ಒಳಮಗ್ಗುಲಿಗೆ ಸುರಿಯುತ್ತ ಹೋದರು. ದನ ಅಟ್ಟಿಕೊಂಡು ಆ ದಾರಿಯಲ್ಲಿ ಬಂದ ಮುದುಕ ರೈತನೊಬ್ಬನು ಸ್ವಲ್ಪ ಹೊತ್ತು ನೋಡುತ್ತ ನಿಂತು, "ಅಪ್ಪಾಜಿಗಳಾ, ಅಲ್ಲಿ ಹಾಕಿದ ಮಣ್ಣು ಮೊದಲನೇ ಮಳೆಗೇ ತಿರುಗಿ ಕಟ್ಟೆಗೇ ಬರುತ್ತೆ. ಗೋಡು ಮಣ್ಣು ಹೊಲಕ್ಕೆ ಚಿನ್ನ. ಗಾಡಿ ಕಟ್ಟಿಸ್ತೀನಿ, ಹೊಲಕ್ಕೆ ಹೊಡೀರಿ" ಎಂದನು. ವಿದ್ಯಾರ್ಥಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನೀರು ಇಳಿಜಾರಿನ ಕಡೆಗೆ ಹರಿಯುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದುದು ಪುಸ್ತಕದಲ್ಲಿಯೇ ಉಳಿದಿತ್ತು, ಕೈಗೆ ಇಳಿದಿರಲಿಲ್ಲ. ಮಧ್ಯಾಹ್ನದ ವೇಳೆಗೆ ಮೂರು ಗಾಡಿಗಳು ಬಂದವು. ಹೂಳೂ ತೆಗೆಯಿತು, ಹೊಲಗಳಿಗೆ ಗೊಬ್ಬರವೂ ಆಯಿತು.

ಶಿಬಿರದ ಅಡುಗೆಯ ಮನೆಯೂ ಒಂದು ಪಾಠಶಾಲೆಯೇ ಆಗಿತ್ತು. ದಿನಕ್ಕೊಂದು ತಂಡವು ಅಡುಗೆಯ ಹೊಣೆ ಹೊರಬೇಕು. ಮನೆಯಲ್ಲಿ ತಾನುಂಡ ತಟ್ಟೆಯನ್ನೂ ತೊಳೆದರಿಯದವರು ಇಲ್ಲಿ ಐವತ್ತು ಮಂದಿಗೆ ಮುದ್ದೆ ತೊಳಸಬೇಕಾಯಿತು. ಮೊದಲ ದಿನ ಮುದ್ದೆಯು ಗಂಟುಗಂಟಾಯಿತು, ಸಾರಿಗೆ ಉಪ್ಪು ಎರಡು ಸಲ ಬಿದ್ದಿತು. ಅದನ್ನು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ನಗುತ್ತ ಉಂಡರು. ಯಾರು ಯಾವ ಜಾತಿಯವರು, ಯಾರ ತಂದೆಗೆ ಎಷ್ಟು ವರಮಾನ ಎಂಬ ವಿಚಾರವು ಆ ಉಪ್ಪು ಹೆಚ್ಚಾದ ಸಾರಿನ ಮುಂದೆ ಯಾರ ನೆನಪಿಗೂ ಬರಲಿಲ್ಲ. ದಿನವೂ ಅನ್ನವಿಟ್ಟ ತಾಯಿಯ ಶ್ರಮವು ಎಷ್ಟೆಂಬುದು ಹಲವರಿಗೆ ಅರಿವಾದುದು ಅಂದೇ.

ಸಂಜೆಯ ವೇಳೆ ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸವು ಗಣಿತದ ವಿದ್ಯಾರ್ಥಿಯ ಪಾಲಿಗೆ ಬಂದಿತು. ಅವನು ಕಪ್ಪುಹಲಗೆಯ ಮೇಲೆ ದುಂಡಾಗಿ 'ಅ, ಆ' ಬರೆದು ಕಾದನು. ಮೊದಲ ದಿನ ಹನ್ನೆರಡು ಮಂದಿ ಬಂದರು. ಎರಡನೆಯ ದಿನ ಐವರು ಬಂದರು. ಮೂರನೆಯ ದಿನ ದೀಪದ ಹುಳುಗಳ ಹೊರತು ಯಾರೂ ಬರಲಿಲ್ಲ. ಈ ಜನರಿಗೆ ಕಲಿಯುವ ಆಸೆಯೇ ಇಲ್ಲವೆಂದು ಅವನು ಬೇಸರದಿಂದ ಹಲಗೆಯನ್ನು ಒರೆಸುತ್ತಿರುವಾಗ, ಬಾಗಿಲಲ್ಲಿ ಒಬ್ಬ ಮುದುಕಿಯು ಕಾಣಿಸಿಕೊಂಡಳು. ಅವಳ ಕೈಯಲ್ಲಿ ಅಂಚು ಮಡಿಸಿಹೋಗಿದ್ದ ಒಂದು ಚಿಕ್ಕ ಪುಸ್ತಕವಿತ್ತು.

"ಮಗ, ಅ ಆ ಕಲಿಯೋ ಕಾಲ ನಂಗೆ ಹೋಯ್ತು. ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕ್ತೀನಿ. ಈ ಪುಸ್ತಕದಾಗೆ ಏನು ಬರೀತಾರೋ ಅದನ್ನ ಓದೋದು ಹೇಳಿಕೊಡ್ತೀಯಾ?" ಎಂದು ಅವಳು ಕೇಳಿದಳು.

ಅದು ಹಾಲು ಉತ್ಪಾದಕರ ಸಹಕಾರ ಸಂಘದ ಪುಸ್ತಕ. ಬೆಳಗಿನ ಹಾಲು ಎಷ್ಟು, ಸಂಜೆಯ ಹಾಲು ಎಷ್ಟು, ಅದರ ಜಿಡ್ಡಿನ ಅಂಶ ಎಷ್ಟು, ಬರಬೇಕಾದ ಹಣ ಎಷ್ಟು ಎಂಬುದೆಲ್ಲ ಅದರಲ್ಲಿ ಅಂಕಿಗಳಲ್ಲಿತ್ತು. ಮುದುಕಿಗೆ ಇದ್ದುದು ಒಂದೇ ಹಸು. ಬಟವಾಡೆಯ ದಿನ ಕೈಗೆ ಬಂದ ಹಣವನ್ನು ಎಣಿಸಲು ಅವಳಿಗೆ ಬರುತ್ತಿತ್ತು. ಆದರೆ ಅದು ಸರಿಯೋ ತಪ್ಪೋ ಎಂಬುದನ್ನು ತಿಳಿಯಲು ನೆರೆಮನೆಯವರನ್ನು ಕೇಳಬೇಕಾಗಿತ್ತು. ಕೇಳಿದಾಗಲೆಲ್ಲ ಅವರು ಹೇಳುತ್ತಿದ್ದರು. ಆದರೆ ಒಂದೊಂದು ಸಲ ಬೇಸರದಿಂದ ಹೇಳುತ್ತಿದ್ದರು. ದಿನಕ್ಕೆರಡು ಬಾರಿ ತಾನು ಕರೆದು ಹೊತ್ತುಕೊಂಡು ಹೋದ ಹಾಲಿನ ಲೆಕ್ಕವನ್ನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕಾದ ಸಂಕಟವು ಆ ಮುದುಕಿಯ ಮನಸ್ಸನ್ನು ಬಹುಕಾಲದಿಂದ ಕೊರೆಯುತ್ತಿತ್ತು.

ವಿದ್ಯಾರ್ಥಿಯು ಹಲಗೆಯ ಮೇಲೆ 1 ಎಂದು ಬರೆದನು. ಉಳಿದ ನಾಲ್ಕು ಸಂಜೆಗಳು ಹೀಗೆಯೇ ಕಳೆದವು. ಅವಳ ಬೆರಳುಗಳು ಕುಡುಗೋಲಿಗೂ ಹಗ್ಗಕ್ಕೂ ಒಗ್ಗಿದ್ದವೇ ಹೊರತು ಬಳಪಕ್ಕೆ ಒಗ್ಗಿರಲಿಲ್ಲ. 4ನ್ನು ಬರೆಯಲು ಒಂದು ಸಂಜೆಯೇ ಬೇಕಾಯಿತು. ಶಿಬಿರದ ಕೊನೆಯ ಸಂಜೆಗೆ ಅವಳು 7ರವರೆಗೆ ಬಂದಿದ್ದಳು. ಮರುದಿನ ಬೆಳಗ್ಗೆ ಬಸ್ಸು ಹೊರಡುವ ಹೊತ್ತಿಗೆ ಮುದುಕಿಯು ಬಂದು, "ಉಳಿದವು ಯಾವಾಗ ಮಗ?" ಎಂದಳು. "ಮುಂದಿನ ಭಾನುವಾರ ಬರುತ್ತೇನೆ ಅಜ್ಜಿ" ಎಂದು ಅವನು ಕೈಬೀಸಿದನು.

ಮುಂದಿನ ಭಾನುವಾರ ಕಾಲೇಜಿನಲ್ಲಿ ಪಂದ್ಯವಿತ್ತು. ಅದರ ಮುಂದಿನ ಭಾನುವಾರ ಕಿರುಪರೀಕ್ಷೆಯ ಓದು ಇತ್ತು. ಆಮೇಲೆ ನೆಂಟರ ಮನೆಯ ಮದುವೆ. ಹೀಗೆ ಪ್ರತಿಯೊಂದು ಭಾನುವಾರಕ್ಕೂ ಅದರದರ ಕಾರಣವು ದೊರೆಯಿತು. ಯಾವ ಕಾರಣವೂ ಸುಳ್ಳಾಗಿರಲಿಲ್ಲ. ಕೆಟ್ಟ ಮನಸ್ಸಿನಿಂದ ಮಾತಿಗೆ ತಪ್ಪುವವರು ಕೆಲವರೇ. ಮಾತು ಮರೆತುಹೋಗುವುದು ಹೀಗೆ, ಒಂದೊಂದೇ ನಿಜವಾದ ಕಾರಣದಿಂದ.

ಯುಗಾದಿ ಕಳೆದ ಮೇಲೆ ಕಾಲೇಜಿನಲ್ಲಿ ಪ್ರಮಾಣಪತ್ರಗಳನ್ನು ಹಂಚುವ ಸಮಾರಂಭ ನಡೆಯಿತು. ಗಣಿತದ ವಿದ್ಯಾರ್ಥಿಯೂ ವೇದಿಕೆಗೆ ಹೋಗಿ ತನ್ನ ಪ್ರಮಾಣಪತ್ರವನ್ನು ಪಡೆದನು. 240 ಗಂಟೆಗಳ ಸೇವೆಯನ್ನು ಅವನು ಪೂರೈಸಿದನೆಂದು ಅದರಲ್ಲಿ ಅಚ್ಚಾಗಿತ್ತು. ಸಭಿಕರು ಚಪ್ಪಾಳೆ ತಟ್ಟಿದರು. ತನ್ನ ಆಸನಕ್ಕೆ ಮರಳಿ ಆ ಅಂಕಿಯನ್ನು ನೋಡುತ್ತಿದ್ದಂತೆ ಅವನ ಮುಖವು ಬಾಡಿತು. 240ರ ಕೊನೆಯ ಸೊನ್ನೆಯನ್ನು ತಾನು ಯಾರಿಗೋ ಕಲಿಸಬೇಕಾಗಿತ್ತೆಂಬುದು ಅವನಿಗೆ ನೆನಪಾಯಿತು. 'ಪೂರೈಸಿದನು' ಎಂಬ ಮಾತು ಕಾಗದಕ್ಕೆ ಸಲ್ಲುತ್ತಿತ್ತು, ಮುದುಕಿಗೆ ಸಲ್ಲುತ್ತಿರಲಿಲ್ಲ.

ಮರುದಿನವೇ ಭಾನುವಾರ. ಅವನು ಮೊದಲ ಬಸ್ಸಿಗೇ ಹಳ್ಳಿಗೆ ಹೋದನು. ಮುದುಕಿಯ ಮನೆಯ ಜಗುಲಿಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಅಂಕಿಗಳು ಕಂಡವು. 1ರಿಂದ 7ರವರೆಗೆ, ಒಂದರ ಕೆಳಗೊಂದು ಸಾಲು. ಹತ್ತು ಹನ್ನೆರಡು ಸಾಲುಗಳಿದ್ದವು. ಮೇಲಿನ ಸಾಲುಗಳು ವಕ್ರವಾಗಿದ್ದವು, ಕೆಳಗಿನವು ನೇರವಾಗಿದ್ದವು. ಪ್ರತಿಯೊಂದು ಸಾಲಿನ ಕೊನೆಯಲ್ಲಿಯೂ 7ರ ಪಕ್ಕಕ್ಕೆ ಒಂದಿಷ್ಟು ಜಾಗವನ್ನು ಖಾಲಿ ಬಿಡಲಾಗಿತ್ತು. ಅವನು ಬೈಗುಳವನ್ನು ನಿರೀಕ್ಷಿಸಿದ್ದನು. ಮುದುಕಿಯು ಒಳಗಿನಿಂದ ಬಂದು, "ಬಂದ್ಯಾ ಮಗ? ಬಿಸಿಲಾಗೆ ಬಂದಿದೀಯ. ಮೊದಲು ಮಜ್ಜಿಗೆ ಕುಡಿ" ಎಂದಳು. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಂದು 8, 9 ಮತ್ತು ಸೊನ್ನೆಗಳ ಪಾಠವಾಯಿತು. ನಿಜವಾದ ಕಷ್ಟವು ಬಂದುದು ಆಮೇಲೆ. ಹಾಲಿನ ಪುಸ್ತಕದಲ್ಲಿ 3.5 ಎಂದಿದ್ದುದನ್ನು ಮುದುಕಿಯು "ಮೂವತ್ತೈದು" ಎಂದು ಓದಿದಳು. ಆಮೇಲೆ ತಾನೇ ನಕ್ಕು, "ನನ್ನ ಹಸ ಅಷ್ಟು ಕೊಟ್ಟಿದ್ರೆ ನಾನ್ಯಾಕೆ ಹಿಂಗಿರ್ತಿದ್ದೆ?" ಎಂದಳು. ವಿದ್ಯಾರ್ಥಿಯು ದಶಾಂಶ ಬಿಂದುವಿನ ವಿಚಾರವನ್ನು ತನಗೆ ತಿಳಿದ ಮಾತುಗಳಲ್ಲಿ ವಿವರಿಸಿದನು. ಅವಳಿಗೆ ಒಂದಕ್ಷರವೂ ಹಿಡಿಸಲಿಲ್ಲ. ಇನ್ನೊಂದು ಬಗೆಯಲ್ಲಿ ವಿವರಿಸಿದನು, ಅದೂ ಹಿಡಿಸಲಿಲ್ಲ. ಕಠಿಣವಾದ ಸಮೀಕರಣಗಳನ್ನು ನಿಮಿಷಗಳಲ್ಲಿ ಬಿಡಿಸುತ್ತಿದ್ದವನು ಒಂದು ಚುಕ್ಕಿಯ ಮುಂದೆ ಕೈಕಟ್ಟಿ ಕುಳಿತನು. ಆ ಚುಕ್ಕಿ ಏಕಿದೆ ಎಂಬುದನ್ನು ತಾನೂ ಎಂದೂ ಕೇಳಿಕೊಂಡಿರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು.

ಕೊನೆಗೆ ಅವನು ಅವಳ ಮನೆಯ ಲೀಟರಿನ ಮಾಪನ್ನು ತರಿಸಿ ಬಿಂದಿಗೆಯ ನೀರನ್ನು ಅಳೆಯತೊಡಗಿದನು. ಒಂದು ಮಾಪು, ಎರಡು ಮಾಪು, ಮೂರು ಮಾಪು. ನಾಲ್ಕನೆಯದು ಅರ್ಧಕ್ಕೆ ನಿಂತಿತು. ಮಾಪಿನ ಮಗ್ಗುಲಿಗೆ ಇದ್ದಿಲಿನಿಂದ ಹತ್ತು ಸಮನಾದ ಗೆರೆಗಳನ್ನೆಳೆದು, ನೀರು ಐದನೆಯ ಗೆರೆಯವರೆಗೆ ಬಂದಿರುವುದನ್ನು ತೋರಿಸಿದನು. ಮುದುಕಿಯು ಮಾಪನ್ನೂ ಪುಸ್ತಕವನ್ನೂ ಎರಡು ಮೂರು ಸಲ ನೋಡಿ, "ಹಂಗಾದ್ರೆ ಚುಕ್ಕಿ ಆಚೆಗಿರೋದು ತುಂಬಿದ ಮಾಪು, ಈಚೆಗಿರೋದು ತುಂಬದ ಮಾಪು ಅನ್ನು!" ಎಂದಳು. ದಶಾಂಶದ ಇಷ್ಟು ಸ್ಪಷ್ಟವಾದ ವಿವರಣೆಯನ್ನು ಅವನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ.

ಇನ್ನು ಮೂರು ಭಾನುವಾರಗಳ ಮೇಲೆ ಮುದುಕಿಯು ತನ್ನ ಪುಸ್ತಕವನ್ನು ತಾನೇ ಓದಿದಳು. ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ, ಹಿಂದೆಯೂ ಇದ್ದಿರಲಿಲ್ಲ. ಹಾಗಾದರೆ ಇಷ್ಟು ಶ್ರಮದಿಂದ ಅವಳಿಗಾದ ಲಾಭವೇನು ಎಂದು ಕೇಳಬಹುದು. ಹಣದ ಲೆಕ್ಕದಲ್ಲಿ ಏನೂ ಇಲ್ಲ. ಆದರೆ ಅಂದಿನಿಂದ ಅವಳು ಬಟವಾಡೆಯ ಸಾಲಿನಲ್ಲಿ ಪುಸ್ತಕವನ್ನು ಬಿಡಿಸಿ ಹಿಡಿದು ನಿಲ್ಲುತ್ತಿದ್ದಳು. ಹಿಂದೆ ಅನುಮಾನವಿದ್ದ ಮನಸ್ಸಿನಲ್ಲಿ ಈಗ ನೆಮ್ಮದಿಯಿತ್ತು. ನೆರೆಮನೆಯವರನ್ನು ಅವಳು ಈಗ ಕಾಣಹೋಗುತ್ತಿದ್ದುದು ಮಾತಾಡುವುದಕ್ಕೆ, ಕೇಳುವುದಕ್ಕಲ್ಲ. ಮನುಷ್ಯನ ಗೌರವವು ಎಷ್ಟೋ ಸಲ ಇಂಥ ಸಣ್ಣ ವಿಷಯದಲ್ಲಿಯೇ ಅಡಗಿರುತ್ತದೆ.

ವಿದ್ಯಾರ್ಥಿಗಾದ ಲಾಭವು ಅದಕ್ಕಿಂತ ಕಡಿಮೆಯದಲ್ಲ. ತನಗೆ ತಿಳಿದಿದೆಯೆಂದು ಭಾವಿಸಿದ್ದುದು ನಿಜವಾಗಿ ತಿಳಿದಿದೆಯೇ ಎಂಬುದರ ಪರೀಕ್ಷೆಯು ಇನ್ನೊಬ್ಬರಿಗೆ ತಿಳಿಸುವಾಗಲೇ ಆಗುತ್ತದೆ ಎಂಬುದು ಅವನು ಕಲಿತ ಮೊದಲ ಪಾಠ. ಕೊಡುವ ಮುನ್ನ, ಬೇಕಾದುದೇನೆಂದು ಕೇಳಬೇಕು ಎಂಬುದು ಎರಡನೆಯದು. ಹಳ್ಳಿಯವರಿಗೆ ಕಲಿಯುವ ಆಸೆಯಿಲ್ಲವೆಂದು ಅವನು ಭಾವಿಸಿದ್ದನು. ಆಸೆಯಿತ್ತು, ಆದರೆ ಅವನ ಹಲಗೆಯ ಮೇಲಿದ್ದುದರಲ್ಲಿ ಇರಲಿಲ್ಲ, ಅಷ್ಟೆ. ಕೇಳದೆ ಸುರಿದ ನೆರವು ಏರಿಯ ಒಳಮಗ್ಗುಲಿಗೆ ಸುರಿದ ಹೂಳಿನಂತೆ. ಮೂರನೆಯ ಪಾಠವು ಎಲ್ಲಕ್ಕಿಂತ ಕಠಿಣವಾದುದು. ಸೇವೆಯನ್ನು ಆರಂಭಿಸುವುದು ಸುಲಭ. ಆದರೆ ಆರಂಭಿಸಿದವನು ಇನ್ನೊಬ್ಬರ ಮನಸ್ಸಿನಲ್ಲಿ ಒಂದು ನಂಬಿಕೆಯನ್ನು ಬಿತ್ತಿರುತ್ತಾನೆ. ಅದನ್ನು ಅರ್ಧಕ್ಕೆ ಬಿಡುವುದಕ್ಕಿಂತ ಬಿತ್ತದಿರುವುದೇ ಲೇಸು. ಶಿಬಿರದ ಏಳು ದಿನಗಳಲ್ಲಿ ಸೇವೆಯು ಮುಗಿಯುವುದಿಲ್ಲ.

ಶಿಬಿರವೊಂದೇ ಸೇವೆಯ ದಾರಿಯೂ ಅಲ್ಲ. ಕಣ್ಣು ಕಾಣದ ಸಹಪಾಠಿಗೆ ಪಾಠವನ್ನು ಓದಿಹೇಳುವವರಿದ್ದಾರೆ. ಪರೀಕ್ಷೆಯಲ್ಲಿ ಅವನು ಹೇಳಿದುದನ್ನು ಬರೆದುಕೊಡುವವರಿದ್ದಾರೆ. ಹಾಗೆ ಬರೆಯುವವನು ತನಗೆ ತಿಳಿದುದನ್ನು ಸೇರಿಸಬಾರದು, ಹೇಳಿದುದನ್ನು ಬಿಡಲೂ ಬಾರದು. ಇನ್ನೊಬ್ಬರ ಮಾತನ್ನು ಪೂರ್ತಿಯಾಗಿ ಕೇಳುವ ತಾಳ್ಮೆಯನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಕೆಲಸ ಇನ್ನೊಂದಿಲ್ಲ. ಹದಿನೆಂಟು ವರ್ಷ ತುಂಬಿದ ಆರೋಗ್ಯವಂತರು ರಕ್ತದಾನ ಮಾಡಬಹುದು. ರಕ್ತವನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು. ಒಬ್ಬ ಮನುಷ್ಯನ ಮೈಯಿಂದಲೇ ಇನ್ನೊಬ್ಬನಿಗೆ ಅದು ಬರಬೇಕು. ಕೊಟ್ಟವನಿಗೆ ಪಡೆದವನು ಯಾರೆಂಬುದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ, 2019ರಲ್ಲಿ ಉತ್ತರ ಕರ್ನಾಟಕದ ನದಿಗಳು ಉಕ್ಕಿ ಊರುಗಳನ್ನು ಮುಳುಗಿಸಿದಾಗ, ಮನೆ ಕಳೆದುಕೊಂಡವರ ನೆರವಿಗೆ ನಿಂತವರಲ್ಲಿ ಬಹಳ ಮಂದಿ ತರುಣ ತರುಣಿಯರಿದ್ದರು.

ಇಂಥ ಕೆಲಸಗಳಿಂದ ಓದಿಗೆ ಅಡ್ಡಿಯಾಗುವುದಿಲ್ಲವೇ ಎಂದು ತಂದೆತಾಯಿಗಳು ಕೇಳುವುದುಂಟು. ಅವರ ಆತಂಕವು ಸಹಜವಾದುದು. ಆದರೆ ವರ್ಷಕ್ಕೆ 120 ಗಂಟೆಗಳನ್ನು ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು ಇಪ್ಪತ್ತು ನಿಮಿಷಗಳಾಗುತ್ತವೆ. ಇಪ್ಪತ್ತು ನಿಮಿಷಗಳಿಂದ ಓದು ಕೆಡುವುದಾದರೆ, ಅದು ಕೆಟ್ಟುದು ಬೇರೆ ಕಾರಣದಿಂದಲೇ ಇರಬೇಕು. ಪ್ರಮಾಣಪತ್ರದ ಆಸೆಯಿಂದ ಸೇರುವವರೂ ಇದ್ದಾರೆ ಎಂಬ ಆಕ್ಷೇಪವೂ ಉಂಟು. ಅದೂ ನಿಜವೇ. ಆದರೆ ಯಾವ ಆಸೆಯಿಂದ ಬಂದರೂ ಬಂದವನ ಕೈಗೆ ಗುದ್ದಲಿಯು ಬೊಬ್ಬೆಯನ್ನೇ ಬರಿಸುತ್ತದೆ. ಹಲಗೆಯ ಮುಂದೆ ಕುಳಿತವರು ಅವನನ್ನು ನಂಬಿಯೇ ಕುಳಿತಿರುತ್ತಾರೆ. ಕಾಗದಕ್ಕಾಗಿ ಬಂದವನು ಕೆಲಸಕ್ಕಾಗಿ ಉಳಿಯುವುದುಂಟು. ಗಣಿತದ ವಿದ್ಯಾರ್ಥಿಯು ಉಳಿದುದೂ ಹಾಗೆಯೇ.

'ನನಗಲ್ಲ, ನಿನಗೆ' ಎಂಬ ಮಾತಿನಲ್ಲಿ ಕೊಡುವವನಿಗೆ ಏನೂ ಉಳಿಯದು ಎಂದು ಮೊದಲು ತೋರುತ್ತದೆ. ಆದರೆ ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲನೆಯದರ ಬೆಳಕು ಕುಂದುವುದಿಲ್ಲ. ಮನೆಯ ಬೆಳಕು ಇಮ್ಮಡಿಯಾಗುತ್ತದೆ. ಮುಂದಿನ ಗೌರಿಹಬ್ಬಕ್ಕೆ ಮುದುಕಿಯ ಮನೆಗೆ ಸುಣ್ಣ ಬಳಿದರು. ಆದರೆ ಜಗುಲಿಯ ಆ ಗೋಡೆಯ ಮೇಲಿನ ಕೊನೆಯ ಸಾಲನ್ನು ಮಾತ್ರ ಅಳಿಸಲು ಅವಳು ಬಿಡಲಿಲ್ಲ. ಆ ಸಾಲಿನಲ್ಲಿ 7ರ ಪಕ್ಕದಲ್ಲಿದ್ದ ಖಾಲಿ ಜಾಗವು ತುಂಬಿತ್ತು. 8, 9, 0 ಎಂಬ ಮೂರು ಅಂಕಿಗಳೂ ಅವುಗಳ ಮುಂದೆ ದುಂಡನೆಯ ಒಂದು ಚುಕ್ಕಿಯೂ ಅಲ್ಲಿದ್ದವು.